ಕುದುರೆಯನ್ನು ಟ್ರೇನಿಂಗಿಗೆ ಬಿಡೋ ಮೊದಲು ದಯವಿಟ್ಟು ಓದಿ

ಕೊಡಗಲ್ಲಿ ಕುದುರೆ ಸಾಕಿರೋರು, ಮಕ್ಕಳಿಗೆ ರೈಡಿಂಗ್ ಕಲಿಸ್ತಿರೋರು ಪೂರ್ತಿ ಓದಿ. ಸ್ಟೇಬಲ್ ಹೆಸರು ಹಾಕಲ್ಲ, ದುಡ್ಡಿನ ಜಗಳ ಇನ್ನೂ ಮುಗಿದಿಲ್ಲ. ಆದ್ರೆ ಯಾರಾದ್ರೂ "ಆರು ತಿಂಗಳಲ್ಲಿ ಡ್ರೆಸಾಜ್ ಟೆಸ್ಟೂ ಗ್ಯಾರಂಟಿ, 90 ಸೆಂಟಿಮೀಟರ್ ಜಂಪಿಂಗೂ ಗ್ಯಾರಂಟಿ" ಅಂತ ಚೆಂದಕ್ಕೆ ಪ್ರಿಂಟ್ ಹಾಕಿದ ಗುರಿಪಟ್ಟಿ ಕೈಗೆ ಕೊಟ್ಟರೆ ಅಡ್ವಾನ್ಸ್ ಕೊಡಬೇಡಿ. ಎದ್ದು ಬನ್ನಿ. (ಡ್ರೆಸಾಜ್ ಅಂದ್ರೆ ಸವಾರ ಹೇಳಿದ ಹೆಜ್ಜೆ, ತಿರುವುಗಳನ್ನ ಕುದುರೆ ಹದವಾಗಿ ಮಾಡಿ ತೋರಿಸೋ ಸ್ಪರ್ಧೆ.)

ನಮ್ಮ ಮಿಂಚು ರೇಸ್ ಬಿಟ್ಟು ಬಂದ ಹೆಣ್ಣು ಕುದುರೆ. ರೇಸ್ ಕುದುರೆ ಅಂದ್ರೆ ಗೊತ್ತಲ್ಲ, ಲಗಾಮು ಬಿಗಿಯಾದಷ್ಟೂ ಮುಂದಕ್ಕೆ ನುಗ್ಗೋದೇ ಅದಕ್ಕೆ ಬಂದಿರೋ ಪಾಠ. ಅದನ್ನ ಮರೆಸಿ ಎರಡೂ ಕಡೆಗೆ ಬಾಗೋದು, ಹೇಳಿದಲ್ಲಿ ಸಮಾಧಾನವಾಗಿ ನಿಲ್ಲೋದು ಕಲಿಸೋಕೆ ತಾಳ್ಮೆ ಬೇಕು. ಮಗಳು ಮೈಸೂರಲ್ಲಿ ಹಾಸ್ಟೆಲಲ್ಲಿದ್ದು ಓದ್ತಾಳೆ. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸಾಜ್ ಟೀಮ್ ಚಿನ್ನ ಗೆದ್ದಾಗಿಂದ ಅವಳಿಗೆ ಇದೇ ಧ್ಯಾನ. ಸ್ಟೇಬಲಿನವರು ಹಿಡಿದುಕೊಂಡಿದ್ದೂ ಅದನ್ನೇ. "ಫುವಾದ್ ಮಿರ್ಜಾ ಬೆಂಗಳೂರಿನವರೇ ಅಲ್ವಾ ಮೇಡಂ, ನಿಮ್ಮ ಮಗಳಿಗೆ ಯಾಕೆ ಆಗಲ್ಲ?" ಅಂದ್ರು. ಫುವಾದ್ ಒಲಿಂಪಿಕ್ಸ್‌ಗೆ ಹೋದ ಸವಾರ, ಆ ಡ್ರೆಸಾಜ್ ಟೀಮಿನವರಲ್ಲ. ಆ ಚಿನ್ನ ಗೆದ್ದವರು ಯುರೋಪಿನಲ್ಲಿ ವರ್ಷಗಟ್ಟಲೆ ಇದ್ದು ತಯಾರಾದವರು. ಆ ಮಾತು ಅವರ ಬಾಯಿಂದ ಬರಲೇ ಇಲ್ಲ.

ಗುರಿಪಟ್ಟಿಯಲ್ಲಿ ಎರಡನೇ ತಿಂಗಳಿಗೇ "ಕಲೆಕ್ಷನ್" ಅಂತ ಬರೆದಿತ್ತು, ಅಂದ್ರೆ ಕುದುರೆ ಭಾರವನ್ನ ಹಿಂಗಾಲಿಗೆ ತಂದು ಮೈ ಒಟ್ಟುಗೂಡಿಸಿ ನಡೆಯೋದು. ಡ್ರೆಸಾಜ್ ಕಲಿತ ಯಾರನ್ನೇ ಕೇಳಿ, ಮೊದಲು ನಡಿಗೆಯ ಲಯ, ಆಮೇಲೆ ಮೈ ಸಡಿಲ ಆಗೋದು, ಬಾಯಿಗೂ ಸವಾರನ ಕೈಗೂ ಹದವಾದ ಕಾಂಟ್ಯಾಕ್ಟ್, ಹಿಂಗಾಲಿಂದ ಬರೋ ಬಲ, ನೇರ ನಡೆ, ಇಷ್ಟೆಲ್ಲ ಆದ ಮೇಲೆ ಕಟ್ಟಕಡೆಗೆ ಕಲೆಕ್ಷನ್. ನಾನು ಕೇಳಿದೆ. "ನಮ್ದು ಆರ್ಮಿ ಮೆಥಡ್ ಮೇಡಂ, ಫಾಸ್ಟ್ ಆಗುತ್ತೆ." ಕೊಡಗಲ್ಲಿ ಆರ್ಮಿ ಅಂದ್ರೆ ಮುಗೀತು, ಎದುರು ಮಾತಾಡೋರಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ಮಳೇಲಿ ಎಲ್ಲಿ ಕೆಲಸ ಮಾಡಿಸ್ತೀರಿ ಅಂತಲೂ ಕೇಳಿದ್ದೆ. ನಾಲ್ಕು ಕಂಬ ತೋರಿಸಿ "ಶೀಟ್ ಹಾಕಿದ ಅರೀನಾ ಮೇಡಂ, ಜೂನ್ ಒಳಗೆ ರೆಡಿ" ಅಂದ್ರು. ಮೇ ಮೊದಲ ವಾರ ಕುದುರೆ ಬಿಟ್ಟು, ಫೀಸು ಮುಂಗಡ ಕಟ್ಟಿ ಬಂದೆ.

ಜೂನ್ ಕಳೀತು. ಡ್ರೆಸಾಜ್ ಟೆಸ್ಟ್ ಮಾಡಿಸಿದ್ವಿ, 68% ಬಂದಿದೆ ಅಂತ ಒಂದು ಶೀಟ್ ಕಳಿಸಿದ್ರು. ಜಡ್ಜ್ ಆದವರು ಒಂದೊಂದು ಮೂವ್‌ಮೆಂಟಿಗೂ ಸೊನ್ನೆಯಿಂದ ಹತ್ತರೊಳಗೆ ಮಾರ್ಕ್ ಹಾಕಿ, ಪಕ್ಕದಲ್ಲಿ ಯಾಕೆ ಅಂತ ಒಂದು ಮಾತು ಬರೀತಾರೆ. ಇದರಲ್ಲಿ ಬರೀ ನಂಬರು. ಜಡ್ಜ್ ಯಾರು ಅಂದ್ರೆ "ನಾನೇ ಮೇಡಂ, ಇಂಟರ್ನಲ್ ಅಸೆಸ್ಮೆಂಟು."

ಆಮೇಲೆ ಆ ವಿಡಿಯೋ. ಕಕ್ಕಡ, ಅಂದ್ರೆ ಜುಲೈ ಮಧ್ಯದಿಂದ ಬರೋ ನಮ್ಮ ಕೊಡಗಿನ ಜೋರು ಮಳೆಯ ತಿಂಗಳು, ಶುರುವಾಗಿತ್ತು. ಮಳೆ ಹೇಗಿತ್ತು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಒಗೆದ ಬಟ್ಟೆ ಒಲೆ ಮೇಲೆ ಕಟ್ಟಿ ಒಣಗಿಸೋ ಕಾಲ. "ನಿಮ್ಮ ಹುಡುಗಿ ಇವತ್ತು ಸೂಪರ್ ಮೇಡಂ" ಅಂತ ಬರೆದು ವಿಡಿಯೋ ಕಳಿಸಿದ್ರು. ಕಂದು ಕುದುರೆ, ಒಳ್ಳೇ ಜಂಪು. ಸಂತೋಷಕ್ಕೆ ನಾನು ಮನೆಯವರ ಗ್ರೂಪಿಗೆ ಹಾಕಿದೆ. ಎಲ್ಲರೂ ಕೈ ಮುಗಿಯೋದು, ಚಪ್ಪಾಳೆ. ದೊಡ್ಡಪ್ಪ ಮಾತ್ರ ಒಂದೇ ಸಾಲು ಬರೆದ್ರು. "ಈ ಕಕ್ಕಡದಲ್ಲಿ ಯಾವ ತೋಟದಲ್ಲಮ್ಮ ಕಾಫಿ ಹೂ ಬಿಟ್ಟಿರೋದು?"

ಮತ್ತೆ ತೆಗೆದು ನೋಡಿದೆ. ಕುದುರೆ ಹಿಂದೆ ರೊಬಸ್ಟಾ ಗಿಡ ಬೆಳ್ಳಗೆ ಹೂ ಬಿಟ್ಟಿದೆ. ಕುದುರೆ ಕಾಲಡಿಯಲ್ಲಿ ಧೂಳು ಏಳ್ತಿದೆ. ಜುಲೈ ತಿಂಗಳಲ್ಲಿ ಧೂಳು! ಹೂ ಮಳೆ ಬೀಳೋದು ಫೆಬ್ರವರಿ, ಮಾರ್ಚಲ್ಲಿ. ಆಗ ಮಿಂಚು ನಮ್ಮ ಮನೇಲೇ ಇದ್ದಳು. ಅದು ನಮ್ಮ ಕುದುರೆಯೇ ಅಲ್ಲ. ಇಡೀ ಕುಟುಂಬದ ಮುಂದೆ, ಮಗಳ ಮುಂದೆ. ಮೈಯೆಲ್ಲ ಉರಿದುಹೋಯ್ತು. ಅವಳು ಹಾಸ್ಟೆಲಲ್ಲಿ ಎಲ್ಲರಿಗೂ ಅದನ್ನ ತೋರಿಸಿ ಆಗಿತ್ತು.

ಫೋನ್ ಮಾಡಿದೆ. "ಈ ಸಲ ಹೂ ಲೇಟು ಮೇಡಂ." ಮೂರು ತಲೆಮಾರಿಂದ ಕಾಫಿ ಬೆಳೆಯೋ ಮನೆಯವಳಿಗೆ ಹೇಳೋ ಮಾತಾ ಇದು? ಜೋರು ಮಾಡಿದ ಮೇಲೆ "ಅದು ರೆಫರೆನ್ಸ್ ವಿಡಿಯೋ ಮೇಡಂ, ನಿಮ್ಮ ಕುದುರೆ ಮುಂದೆ ಹೀಗೇ ಮಾಡುತ್ತೆ ಅಂತ ತೋರಿಸೋಕೆ." "ಇವತ್ತು" ಅಂತ ಬರೆದಿದ್ರಲ್ಲ ಅಂದ್ರೆ, "ಹುಡುಗರು ಟೈಪ್ ಮಾಡಿದ್ದು." ಎಲ್ಲದಕ್ಕೂ ಹುಡುಗರು!

ಹೇಳದೆ ಕೇಳದೆ ಹೋದೆ. ನಾಲ್ಕು ಕಂಬ ಹಾಗೇ ನಿಂತಿತ್ತು, ಶೀಟ್ ಇಲ್ಲ. ಮಿಂಚುವಿನ ಸ್ಯಾಡಲ್ ತುಂಬ ಹಸಿರು ಬೂಷ್ಟು, ಅಂದ್ರೆ ವಾರಗಟ್ಟಲೆ ಯಾರೂ ಮುಟ್ಟಿಲ್ಲ. ಗೊರಸು ಎತ್ತಿದ್ರೆ ಕೊಳೆತ ವಾಸನೆ, ತೇವದಲ್ಲೇ ನಿಲ್ಲಿಸಿದ್ರೆ ಆಗೋದೇ ಅದು. ಇಷ್ಟು ನೋಡಿ ನಾನು ಕರ್ಕೊಂಡು ಹೋಗ್ತೀನಿ ಅಂದಾಗ, "ಇರಿ ಮೇಡಂ, ಈಗ್ಲೇ ತೋರಿಸ್ತೀನಿ" ಅಂತ ಅವಸರದಲ್ಲಿ ಡ್ರಾ ರೇನ್ ಅನ್ನೋ ಇನ್ನೊಂದು ಲಗಾಮು ಕಟ್ಟಿ ತಲೆ ಎದೆಗೆ ಎಳೆದ್ರು. ಕಾಫಿ ಒಣಗಿಸೋ ಸಿಮೆಂಟ್ ಕಣದಲ್ಲಿ, ನೆಂದು ಜಾರ್ತಿರೋ ಕಣದಲ್ಲಿ, ಕಂಬಿ ಇಟ್ಟು ಹಾರಿಸೋಕೆ ಹೊರಟ್ರು. ಬೇಡ ಬೇಡ ಅಂತ ಕೂಗಿದೆ. ಅವಳು ನಿಂತಳು, ಚಾಟಿ ಬಿತ್ತು, ಹಾರಿದಳು, ಇಳಿಯೋವಾಗ ಮುಂಗಾಲು ಜಾರಿತು. ಬಲಕ್ಕೆ 20 ಮೀಟರ್ ಸರ್ಕಲ್ ಟ್ರಾಟಲ್ಲಿ, ಅಂದ್ರೆ ನಿಧಾನದ ಓಟದಲ್ಲಿ, ಸರಿಯಾಗಿ ಬಾರದ ಕುದುರೆ ಅದು. ಮಾರನೇ ದಿನ ಕಾಲು ಬಿಸಿ, ಊತ. ಸ್ಕ್ಯಾನ್ ಮಾಡಿದ ಡಾಕ್ಟ್ರು ಟೆಂಡನ್ ಹರಿದಿದೆ, ತಿಂಗಳುಗಟ್ಟಲೆ ರೆಸ್ಟ್ ಅಂದ್ರು.

ದುಡ್ಡು ಕೇಳಿದ್ದಕ್ಕೆ ಬಂದ ಉತ್ತರ ಇದು: "ರೇಸ್ ಕುದುರೆ ಮೇಡಂ, ಹಳೇ ಪೆಟ್ಟಿರುತ್ತೆ. ಅದಕ್ಕೆ ಟ್ಯಾಲೆಂಟೂ ಇಲ್ಲ." ಬಿಡೋವಾಗ "ಇಂಥ ಕುದುರೆ ನೋಡೇ ಇಲ್ಲ ಮೇಡಂ" ಅಂದಿದ್ದು ಇದೇ ಬಾಯಿ.

ಕೇಳಿ. ಜೂನಿಂದ ಸೆಪ್ಟೆಂಬರ್ ತನಕ ಮೇಲೆ ಶೀಟು, ಕೆಳಗೆ ಮರಳು ಇಲ್ಲದ ಕಡೆ ಕುದುರೆ ಬಿಡಬೇಡಿ. ಆಗುತ್ತೆ ಅಂದ್ರೆ ಆದ ಮೇಲೆ ಬಿಡಿ. ಗುರಿ ಇಟ್ಟುಕೊಳ್ಳೋದಾದ್ರೆ ತಾರೀಖು, ಎತ್ತರ ನೋಡಿ ಇಡಬೇಡಿ. ಎರಡೂ ಕಡೆಗೆ ಒಂದೇ ಲಯದಲ್ಲಿ ಸರ್ಕಲ್ ಬಂತಾ, ನೆಲದ ಮೇಲಿಟ್ಟ ಕಂಬಗಳನ್ನ ಗಾಬರಿ ಇಲ್ಲದೆ ಟ್ರಾಟಲ್ಲಿ ದಾಟ್ತಾ, ಅದು ಬಂದ ಮೇಲೆ ಸಣ್ಣ ಕ್ರಾಸ್ ಕಂಬ. ಎತ್ತರ ಕೊನೆಗೆ. ವಿಡಿಯೋ ಬೇಡ, ಲೈವ್ ಕಾಲ್ ಕೇಳಿ, ಕುದುರೆಯ ನಾಲ್ಕೂ ಕಾಲು ತೋರಿಸೋಕೆ ಹೇಳಿ. ಬಿಡೋ ದಿನವೇ ಕಾಲುಗಳ ಫೋಟೋ, ಡಾಕ್ಟ್ರ ಚೀಟಿ ಇಟ್ಟುಕೊಳ್ಳಿ. ನನ್ನ ಹತ್ರ ಏಪ್ರಿಲಲ್ಲಿ ಮಾಡಿಸಿದ ಚೆಕಪ್ಪಿನ ಚೀಟಿ ಇದೆ, ಹಳೇ ಪೆಟ್ಟು ಅನ್ನೋ ಮಾತಿಗೆ ಅದೇ ಉತ್ತರ.

ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕಂಪ್ಲೇಂಟ್ ಬರೆಸ್ತಿದ್ದೀನಿ. ಹೂ ಬಿಟ್ಟ ತೋಟದ ಮುಂದೆ ಕಂದು ಕುದುರೆ ಹಾರೋ ವಿಡಿಯೋ ನಿಮ್ಮ ಕುದುರೆದು ಅಂತ ನಿಮಗೂ ಬಂದಿದ್ರೆ, ಅಳಿಸಬೇಡಿ, ನನಗೆ ಮೆಸೇಜ್ ಮಾಡಿ.