ಯೂರೋಪಿಗೆ ಒಂದು ಸೆಮಿಸ್ಟರ್ ಓದಲು ಹೊರಟವರೇ, ವೀಸಾ ಪುಟದ ಒಂದು ಝೆರಾಕ್ಸ್ ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿ

2024ರ ನವೆಂಬರ್ 1ರ ಸಂಜೆ ಇಟಲಿಯ ಫ್ಲಾರೆನ್ಸ್ ರೈಲು ನಿಲ್ದಾಣದಲ್ಲಿ ನನ್ನ ಬ್ಯಾಗು ಕಳವಾಯಿತು. ಪಾಸ್‌ಪೋರ್ಟ್ ಅದರೊಳಗೇ ಇತ್ತು. ಕಳ್ಳನಿಗೆ ಅರ್ಧ ನಿಮಿಷದ ಕೆಲಸ. ನಾನು ಅದರ ಹಿಂದೆ ಜನವರಿ ಕೊನೆಯವರೆಗೂ ಅಲೆದೆ. ಈ ಏಪ್ರಿಲ್‌ನಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಜರ್ಮನಿಯ ಕಡೆ ಹೊರಡುವ ನಮ್ಮೂರ ಹುಡುಗ ಹುಡುಗಿಯರು ತುಂಬ ಜನ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ನಾನು ಪಟ್ಟ ಪಾಡು ತಪ್ಪಲಿ ಅಂತ ಇಷ್ಟನ್ನೂ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವಳು. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಮಟ್ಟಿಗೆ ಜರ್ಮನಿಯ ಆಗ್ಸ್‌ಬರ್ಗ್‌ಗೆ ಹೋಗಿದ್ದೆ. ಒಂದು ಮಾತು ಮೊದಲೇ ಹೇಳಬೇಕು. ಅಲ್ಲಿ ಎರಡು ವರ್ಷ ಎಂ.ಎಸ್. ಮಾಡಲು ಹೋಗುವವರಿಗೆ ಆಮೇಲೆ ವಾಸದ ಪರವಾನಗಿಯ ಪ್ಲಾಸ್ಟಿಕ್ ಕಾರ್ಡ್ ಸಿಗುತ್ತದೆ. ನಮ್ಮ ಹಾಗೆ ಆರು ತಿಂಗಳಿಗೆ ಹೋಗುವವರಿಗೆ ಇಡೀ ಅವಧಿಗೂ ವೀಸಾ ಕೊಟ್ಟೇ ಕಳಿಸುವುದರಿಂದ ಆ ಕಾರ್ಡ್ ಇರುವುದಿಲ್ಲ. ನಾನು ಆ ದೇಶದಲ್ಲಿ ಕಾನೂನುಬದ್ಧವಾಗಿ ಇದ್ದೇನೆ ಅನ್ನುವುದಕ್ಕೆ ಪಾಸ್‌ಪೋರ್ಟಿನೊಳಗೆ ಅಂಟಿಸಿದ ಒಂದು ಸ್ಟಿಕ್ಕರ್ ಮಾತ್ರ ಸಾಕ್ಷಿ. ಪಾಸ್‌ಪೋರ್ಟ್ ಹೋದರೆ ಅದೂ ಹೋಯಿತು. ಎರಡು ಬೇರೆ ಬೇರೆ ಕಡೆ ಇಡೋಣ ಅಂದರೂ ಇಡಲು ಬರುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಅದರ ಬಗ್ಗೆ ಯೋಚನೆ ಮಾಡಿರಲಿಲ್ಲ.

ನವೆಂಬರ್ 1 ಆ ವರ್ಷ ಶುಕ್ರವಾರ ಬಂದಿತ್ತು. ಕ್ರೈಸ್ತರಿಗೆ ಅದು ಎಲ್ಲ ಸಂತರ ಹಬ್ಬ. ನಾನಿದ್ದ ಬವೇರಿಯಾ ರಾಜ್ಯದಲ್ಲೂ ರಜೆ, ಇಟಲಿಯಲ್ಲೂ ರಜೆ. ನಮಗೆ ಒಂದೇ ದಿನ ರಾಜ್ಯೋತ್ಸವ, ದೀಪಾವಳಿ ಎರಡೂ. ಒಂದಕ್ಕೊಂದು ಗಡಿ ತೆರೆದುಕೊಂಡಿರುವ ಯೂರೋಪಿನ ಶೆಂಗೆನ್ ದೇಶಗಳಲ್ಲಿ ನಮ್ಮ ಜರ್ಮನ್ ವೀಸಾದ ಮೇಲೆಯೇ 180 ದಿನಗಳಲ್ಲಿ 90 ದಿನ ಓಡಾಡಬಹುದು. ಹಾಗಾಗಿ ನಾನು, ಉಡುಪಿಯ ಗೆಳತಿ, ಟರ್ಕಿಯ ಇನ್ನೊಬ್ಬ ಗೆಳತಿ ಮೂವರೂ ಗುರುವಾರ ರಾತ್ರಿ ಮ್ಯೂನಿಕ್‌ನಲ್ಲಿ ಬಸ್ ಹತ್ತಿ ಬೆಳಿಗ್ಗೆ ಫ್ಲಾರೆನ್ಸ್‌ಗೆ ಬಂದಿಳಿದೆವು. ಬ್ಯಾಗಿನ ಜಿಪ್ಪಿಗೆ ನಾನು ಹಳದಿ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದೆ. ದಿನವಿಡೀ ಚೆನ್ನಾಗಿ ಸುತ್ತಾಡಿದೆವು. ಆರ್ನೋ ನದಿಯ ಹಳೇ ಸೇತುವೆಯ ಮೇಲೆ ನಿಂತು ಮನೆಗೆ ವಿಡಿಯೋ ಕಾಲ್ ಮಾಡಿ ಹಬ್ಬದ ಶುಭಾಶಯ ಹೇಳಿದೆ.

ಸಂಜೆ ಏಳರ ಸುಮಾರಿಗೆ ರೋಮ್‌ಗೆ ಹೋಗುವ ಅಗ್ಗದ ರೈಲು ಹತ್ತಿದೆವು. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಲ್ಲಿ ಹಳಿಗಳು ಅಲ್ಲಿಗೇ ಮುಗಿಯುತ್ತವೆ. ರೈಲು ಹೊರಡುವ ಎಷ್ಟೋ ಮೊದಲೇ ಬಂದು ಬಾಗಿಲು ತೆರೆದು ನಿಂತಿರುತ್ತದೆ. ಯಾರು ಬೇಕಾದರೂ ಹತ್ತಬಹುದು, ಇಳಿಯಬಹುದು. ಕಾಲು ನೋಯುತ್ತಿತ್ತು, ಮೂವರಿದ್ದೇವಲ್ಲ ಅನ್ನುವ ಧೈರ್ಯ ಬೇರೆ. ಬ್ಯಾಗನ್ನು ತಲೆ ಮೇಲಿನ ಕಂಬಿಗಳ ಮೇಲಿಟ್ಟೆ. ಅಷ್ಟರಲ್ಲಿ ಪ್ಲಾಟ್‌ಫಾರಂ ಮೇಲಿದ್ದ ಒಬ್ಬ ನಮ್ಮ ಕಿಟಕಿಯ ಗಾಜು ಬಡಿದ. ಕೈಯಲ್ಲೊಂದು ಕಾಗದ ಹಿಡಿದು, ಏನೋ ಕೆಳಗೆ ಬಿದ್ದಿದೆ ಅನ್ನುವ ಹಾಗೆ ನೆಲದ ಕಡೆ ಬೆರಳು ತೋರಿಸುತ್ತಿದ್ದ. ಮೂವರೂ ಗಾಜಿಗೆ ಮುಖ ಹಚ್ಚಿ ಬಗ್ಗಿ ನೋಡಿದೆವು. ಏನೂ ಕಾಣಲಿಲ್ಲ. ಅವನು ನಕ್ಕು ಕೈ ಬೀಸಿ ಹೊರಟುಹೋದ. ನಾನು ತಿರುಗಿ ನೀರಿನ ಬಾಟಲಿಗಾಗಿ ಮೇಲೆ ಕೈ ಹಾಕಿದರೆ ಬರೀ ಕಂಬಿ ಕೈಗೆ ಸಿಕ್ಕಿತು. ಅಕ್ಕಪಕ್ಕದವರ ಸಾಮಾನು ಇದ್ದಲ್ಲೇ ಇತ್ತು. ಹಿಂದಿನ ಬಾಗಿಲಿನಿಂದ ಬಂದ ಇನ್ನೊಬ್ಬ ನಮ್ಮ ಬೆನ್ನ ಹಿಂದೆಯೇ ಎತ್ತಿಕೊಂಡು ಇಳಿದಿದ್ದ. ಎದುರು ಸೀಟಿನ ಅಜ್ಜಿ ಅವನನ್ನು ನೋಡಿದ್ದರಂತೆ, ನಮ್ಮ ಜೊತೆಯವನೇ ಅಂದುಕೊಂಡಿದ್ದರು.

ಪಾಸ್‌ಪೋರ್ಟ್, ಲ್ಯಾಪ್‌ಟಾಪ್, ವಿದೇಶಿ ಹಣ ತುಂಬಿಸಿಕೊಂಡಿದ್ದ ಫಾರೆಕ್ಸ್ ಕಾರ್ಡ್ ಹೋದವು. ಇನ್ನೊಂದು ಹೋಗಿತ್ತು, ಅದು ಅರ್ಧ ಗಂಟೆಯಾದ ಮೇಲೆ ನೆನಪಾಯಿತು. ಜರ್ಮನಿಯ ಸಿಮ್ ಹಾಕಿಕೊಂಡಾಗ ಬಿಚ್ಚಿದ ನಮ್ಮ ಇಂಡಿಯಾದ ಸಿಮ್ಮನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಅದೇ ಬ್ಯಾಗಿನಲ್ಲಿ ಇಟ್ಟಿದ್ದೆ. ಫೋನು ಕೈಯಲ್ಲೇ ಇತ್ತು, ಬ್ಯಾಂಕಿನ ಆ್ಯಪ್ ಕೂಡ ಇತ್ತು. ಆದರೆ ಓಟಿಪಿ ಬರುವುದು ಆ ಸಿಮ್ಮಿಗೆ. ನನ್ನ ಖಾತೆಯ ದುಡ್ಡು ನನಗೇ ಮುಟ್ಟಲು ಆಗದ ಸ್ಥಿತಿ. ಉಡುಪಿಯ ಗೆಳತಿ ಇಲ್ಲದಿದ್ದರೆ ಆ ರಾತ್ರಿ ಊಟಕ್ಕೂ ಕಾಸಿರುತ್ತಿರಲಿಲ್ಲ. ನಿಮ್ಮ ಫೋನಿಗೆ ಎರಡು ಸಿಮ್ ಹಿಡಿಯುವುದಾದರೆ ಇಂಡಿಯಾದ ಸಿಮ್ ಫೋನಿನೊಳಗೇ ಇರಲಿ, ರೋಮಿಂಗ್‌ಗೆ ಸ್ವಲ್ಪ ಖರ್ಚಾದರೂ ಆಗಲಿ.

ನಿಲ್ದಾಣದಲ್ಲೇ ರೈಲ್ವೆ ಪೊಲೀಸ್ ಠಾಣೆ ಇದೆ. ಅವರು ಬರೆದು ಕೊಡುವ ದೂರಿನ ಪ್ರತಿಗೆ ಇಟಲಿಯಲ್ಲಿ ದೆನುಂಚಾ ಅನ್ನುತ್ತಾರೆ. ಆ ಕಾಗದವಿಲ್ಲದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಸರದಿ ಬರುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. ಪೊಲೀಸರು ಕೇಳಿದ ಮೊದಲ ಪ್ರಶ್ನೆ, ಪಾಸ್‌ಪೋರ್ಟ್ ನಂಬರ್ ಎಷ್ಟು? ನನಗೆ ಬಾಯಿಗೆ ಬರುತ್ತಿರಲಿಲ್ಲ. ಸ್ಕ್ಯಾನ್ ಮಾಡಿದ್ದೆ, ಅದು ಲ್ಯಾಪ್‌ಟಾಪಿನಲ್ಲಿತ್ತು. ದಾವಣಗೆರೆಯಲ್ಲಿ ಆಗ ರಾತ್ರಿ ಒಂದೂವರೆ. ಬೇರೆ ದಾರಿಯಿಲ್ಲದೆ ಅಪ್ಪಾಜಿಗೆ ಫೋನ್ ಮಾಡಿದೆ.

‘ಯಾಕವ್ವ ಈ ಹೊತ್ತಿನಾಗೆ? ಆರಾಮಿದೀಯಲ್ಲ?’

‘ಆರಾಮಿದೀನಿ ಅಪ್ಪಾಜಿ. ಬೀರುವಿನಾಗೆ ನನ್ನ ಪಾಸ್‌ಪೋರ್ಟಿಂದು ಝೆರಾಕ್ಸ್ ಐತಾ ನೋಡ್ರಿ.’

ಅವರು ಯಾಕೆ ಅಂತ ಕೇಳಲಿಲ್ಲ. ಬೀರು ತೆಗೆದ ಸದ್ದು, ಅಮ್ಮ ಎದ್ದು ‘ಏನಂತೆ, ಏನಾತಂತೆ’ ಅಂದದ್ದು, ಪ್ಲಾಸ್ಟಿಕ್ ಕವರಿನ ಸರಪರ ಎಲ್ಲಾ ಕೇಳಿಸುತ್ತಿತ್ತು. ಆಮೇಲೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು: ‘ವಿ... ವಿಜಯನಗರದ ವಿ.’ ನಾನು ‘ವಿ’ ಅಂದೆ. ಎದುರು ಕೂತ ಪೊಲೀಸರು ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾ ‘ವೆನೇತ್ಸಿಯಾ’ ಅಂದು ನನ್ನ ಮುಖ ನೋಡಿದರು. ಅವರು ಅಕ್ಷರ ಹೇಳುವುದು ತಮ್ಮ ಊರುಗಳ ಹೆಸರಿನಿಂದ. ವಿಜಯನಗರದ ವಿ ವೆನಿಸ್‌ನ ವಿ ಆಗಿ ದೂರಿನಲ್ಲಿ ಸೇರಿತು. ಒಂದೊಂದೇ ಅಂಕಿ ಹಾಗೆ ದಾಟಿ ಹೋಯಿತು. ಮುಗಿದ ಮೇಲೆ ಅಪ್ಪಾಜಿ, ‘ಕಳದೈತೇನವ್ವ?’ ಅಂದರು. ಆಗ ಅಳು ಬಂತು.

ಆ ಝೆರಾಕ್ಸ್ ವೀಸಾಕ್ಕೆ ಅರ್ಜಿ ಹಾಕುವಾಗ ಮಾಡಿಸಿದ್ದು. ಅಂದರೆ ಮೊದಲ ಪುಟ, ಕೊನೆಯ ಪುಟ ಎರಡೇ. ವೀಸಾ ಅಂಟಿಸಿ ಬಂದ ಮೇಲೆ ಆ ಪುಟದ ಪ್ರತಿ ಮಾಡಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ವೀಸಾ ಸ್ಟಿಕ್ಕರಿನ ನಂಬರ್ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲೂ ಇರಲಿಲ್ಲ. ನನ್ನ ಅತಿ ದೊಡ್ಡ ತಪ್ಪು ಅದು. ಬ್ಯಾಗು ಮೇಲೆ ಇಟ್ಟದ್ದಕ್ಕಿಂತ ದೊಡ್ಡದು ಅಂತಲೇ ಈಗಲೂ ಅನ್ನುತ್ತೇನೆ. ದೂರು ಬರೆಸುವಾಗ ಇನ್ನೊಂದು ಎಡವಟ್ಟು ಮಾಡಿದೆ. ಅವಸರದಲ್ಲಿ ‘ಒಂದು ಬ್ಯಾಗು, ಪಾಸ್‌ಪೋರ್ಟ್, ಕಾರ್ಡ್’ ಅಂತಷ್ಟೇ ಬರೆಸಿದ್ದೆ. ಲ್ಯಾಪ್‌ಟಾಪಿನ ಹೆಸರೇ ಇಲ್ಲ. ಇನ್ಶೂರೆನ್ಸಿನವರು ದೂರಿನಲ್ಲಿ ಇಲ್ಲದ ವಸ್ತುವಿಗೆ ಏನೂ ಕೊಡುವುದಿಲ್ಲ ಅಂದರು. ಎಷ್ಟೇ ತಡವಾಗಲಿ, ಎಷ್ಟೇ ಸುಸ್ತಾಗಿರಲಿ, ಹೋದದ್ದನ್ನೆಲ್ಲ ಸೀರಿಯಲ್ ನಂಬರ್ ಸಮೇತ ಬರೆಸಿ.

ಆ ರಾತ್ರಿ ಉಳಿಯಲು ಹಾಸ್ಟೆಲ್ ಹುಡುಕಿದೆವು. ಇಟಲಿಯಲ್ಲಿ ತಂಗುವ ಪ್ರತಿಯೊಬ್ಬರ ಗುರುತಿನ ವಿವರವನ್ನು ಹೋಟೆಲಿನವರು ಪೊಲೀಸರಿಗೆ ಕಳಿಸಲೇಬೇಕು. ಮೊದಲ ಕಡೆ ಪಾಸ್‌ಪೋರ್ಟ್ ಇಲ್ಲ ಅಂದ ಕೂಡಲೇ ಆಗುವುದಿಲ್ಲ ಅಂದುಬಿಟ್ಟರು. ಎರಡನೆಯ ಕಡೆ ಒಬ್ಬರು ಹೆಂಗಸು ದೂರಿನ ಪ್ರತಿ, ಅಪ್ಪಾಜಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಝೆರಾಕ್ಸಿನ ಫೋಟೊ ಎರಡನ್ನೂ ನೋಡಿ ಒಳಗೆ ಬಿಟ್ಟರು.

ಇನ್ನು ಮುಂದಿನದು ಎಲ್ಲಕ್ಕಿಂತ ಮುಖ್ಯ. ಶನಿವಾರ ಬೆಳಿಗ್ಗೆ ಪರಿಚಯದವರೆಲ್ಲ ಒಂದೇ ಸಲಹೆ ಕೊಟ್ಟರು: ‘ರೋಮ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಹೋಗಿ ಎಮರ್ಜೆನ್ಸಿ ಸರ್ಟಿಫಿಕೇಟ್ ತಗೋ, ಬೇಗ ಸಿಗುತ್ತೆ.’ ನಾನೂ ಅದನ್ನೇ ತಗೊಂಡು ಜರ್ಮನಿಗೆ ವಾಪಸ್ ಹೋಗಬಹುದು ಅಂದುಕೊಂಡೆ. ಪುಣ್ಯಕ್ಕೆ ಮೊದಲು ಅಲ್ಲಿನ ತುರ್ತು ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಸಮಾಧಾನದಿಂದ ಬಿಡಿಸಿ ಹೇಳಿದರು. ಎಮರ್ಜೆನ್ಸಿ ಸರ್ಟಿಫಿಕೇಟ್ ಇಂಡಿಯಾಕ್ಕೆ ಹಿಂತಿರುಗಲು ಕೊಡುವ ಒಮ್ಮುಖ ಪ್ರಯಾಣದ ಪತ್ರ. ಅದನ್ನು ಹಿಡಿದು ಕಾಲೇಜಿಗೆ ಮರಳಲು ಆಗುವುದಿಲ್ಲ. ತಗೊಂಡರೆ ಸೆಮಿಸ್ಟರ್ ಅಲ್ಲಿಗೇ ಮುಗಿದ ಹಾಗೆ. ಓದು ಮುಂದುವರಿಯಬೇಕು ಅಂದರೆ ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬೇಕು. ನಾನು ವಾಸವಿರುವುದು ಬವೇರಿಯಾದಲ್ಲಿ, ಹಾಗಾಗಿ ಮ್ಯೂನಿಕ್‌ನ ನಮ್ಮ ಕಾನ್ಸುಲೇಟಿನಲ್ಲಿ, ಅಂದರೆ ಅಲ್ಲಿರುವ ಇಂಡಿಯಾದ ಉಪ ರಾಯಭಾರ ಕಚೇರಿಯಲ್ಲಿ. ಕಂಗಾಲಾದ ಹೊತ್ತಿನಲ್ಲಿ ‘ಬೇಗ ಸಿಗುತ್ತೆ’ ಅನ್ನುವ ಮಾತು ಬಹಳ ಹಿತವಾಗಿ ಕೇಳಿಸುತ್ತದೆ. ದಯವಿಟ್ಟು ಅದಕ್ಕೆ ಕೈ ಚಾಚುವ ಮುಂಚೆ ಅದು ಯಾವ ಊರಿಗೆ ಒಯ್ಯುತ್ತದೆ ಅಂತ ಕೇಳಿಕೊಳ್ಳಿ.

ಶನಿವಾರ ರಾತ್ರಿಯ ಬಸ್ಸಿನಲ್ಲೇ ಮರಳಿದೆವು. ಶೆಂಗೆನ್ ಒಳಗೆ ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅಂತ ನೀವೂ ಕೇಳಿರುತ್ತೀರಿ. ಆ ಮಾತು ಹಳತಾಯಿತು. ನಮ್ಮ ಬಸ್ಸು ದಾಟಿ ಬರುವ ಆಸ್ಟ್ರಿಯಾ ಗಡಿಯಲ್ಲಿ ಜರ್ಮನಿ 2015ರಿಂದಲೂ ತಪಾಸಣೆ ಇಟ್ಟುಕೊಂಡಿದೆ, 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ನೆಲಗಡಿಗಳಲ್ಲೂ ಶುರುಮಾಡಿದೆ. ಬೆಳಗಿನ ಜಾವ ಜರ್ಮನಿಯ ಗಡಿಯೂರು ಕೀಫರ್ಸ್‌ಫೆಲ್ಡನ್ ಹತ್ತಿರ ಬಸ್ ನಿಂತಿತು. ಪೊಲೀಸರು ಹತ್ತಿದರು. ನನ್ನ ಕಾಗದ ನೋಡಿ ಇಳಿಯಲು ಹೇಳಿದರು. ಉಡುಪಿಯ ಗೆಳತಿ ತಾನೂ ಇಳಿದಳು, ಬಸ್ ಹೊರಟುಹೋಯಿತು. ಮೂರು ಗಂಟೆ ಒಂದು ಕೋಣೆಯಲ್ಲಿ ಕೂರಿಸಿ, ಬೆರಳಚ್ಚು ತೆಗೆದು, ಆಗ್ಸ್‌ಬರ್ಗ್‌ನಲ್ಲಿ ವಿಳಾಸ ನೋಂದಾಯಿಸಿದ ಪತ್ರದ ಫೋಟೊ ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ ಕೊನೆಗೆ ಬಿಟ್ಟರು. ಅವರು ಗದರಲಿಲ್ಲ, ಕುಡಿಯಲು ನೀರು ಕೊಟ್ಟರು. ಆದರೂ ಆ ಮೂರು ಗಂಟೆಯ ಭಯವನ್ನು ನಾನು ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ. ನಾನು ಹಾಗೆ ಗಡಿ ದಾಟಲು ಹೊರಟೆ ಅಂತ ನೀವು ಹೊರಡಬೇಡಿ. ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಫೋನ್ ಮಾಡಿ, ಅವರು ಏನು ಹೇಳುತ್ತಾರೋ ಕೇಳಿ. ಆಮೇಲೆ ತಿಳಿಯಿತು, ದಾಖಲಾತಿಯ ದಿನ ಅವರು ನನ್ನ ವೀಸಾ ಪುಟವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದರು. ನಾನು ಊರೆಲ್ಲ ಹುಡುಕಿದ ಪುಟ ಅವರ ಕಡತದಲ್ಲಿತ್ತು.

ಆಮೇಲಿನದೆಲ್ಲ ಅಲೆದಾಟ. ನಿಲ್ದಾಣದ ಯಂತ್ರದಲ್ಲಿ ಫೋಟೊ ತೆಗೆಸಿಕೊಂಡು ಕಾನ್ಸುಲೇಟಿಗೆ ಹೋದೆ. ಅದು ಜರ್ಮನಿಯ ಅಳತೆ, 35ಕ್ಕೆ 45 ಮಿಲಿಮೀಟರ್. ನಮ್ಮ ಪಾಸ್‌ಪೋರ್ಟಿಗೆ ಆಗ 51ಕ್ಕೆ 51 ಬೇಕಿತ್ತು. ಇನ್ನೊಂದು ದಿನ ಹೋಯಿತು. ದಾವಣಗೆರೆಯ ಮನೆಗೆ ಪೊಲೀಸರು ವಿಚಾರಣೆಗೆ ಬಂದು ಹೋದರು, ಅಕ್ಕಪಕ್ಕದವರಿಗೆ ಅಮ್ಮ ಉತ್ತರ ಹೇಳಬೇಕಾಯಿತು. ಹೊಸ ಪಾಸ್‌ಪೋರ್ಟ್ ಕೈಗೆ ಬರಲು ಐದು ವಾರ ಹಿಡಿಯಿತು. ಅದರಲ್ಲಿ ವೀಸಾ ಇಲ್ಲವಲ್ಲ, ಆಗ್ಸ್‌ಬರ್ಗ್‌ನ ವಿದೇಶಿಯರ ಕಚೇರಿಯಲ್ಲಿ ಸಮಯ ಸಿಕ್ಕಿದ್ದು ಜನವರಿ ಕೊನೆಗೆ. ಕ್ರಿಸ್‌ಮಸ್ ರಜೆಯಲ್ಲಿ ಎಲ್ಲರೂ ವಿಯೆನ್ನಾ, ಪ್ರಾಗ್ ಅಂತ ಹೋದರು, ನಾನು ರೂಮಿನಲ್ಲಿದ್ದೆ. ಫೆಬ್ರವರಿಯ ಪರೀಕ್ಷೆ ಬರೆದು ಪಾಸಾದೆ, ಅದಷ್ಟೇ ಸಮಾಧಾನ.

ಡಿಸೆಂಬರ್‌ನಲ್ಲಿ ಫ್ಲಾರೆನ್ಸ್‌ನಿಂದ ಒಂದು ಇಮೇಲ್ ಬಂತು. ನಿಲ್ದಾಣದ ಹತ್ತಿರ ನನ್ನ ಪಾಸ್‌ಪೋರ್ಟ್ ಸಿಕ್ಕಿದೆಯಂತೆ. ಕುಣಿದಾಡಿಬಿಟ್ಟೆ. ಆದರೆ ಕಳವಾಗಿದೆ ಅಂತ ಒಮ್ಮೆ ದಾಖಲಾಗಿ ರದ್ದಾದ ಪಾಸ್‌ಪೋರ್ಟ್ ಮತ್ತೆ ಸಿಕ್ಕರೂ ಅದರ ಮೇಲೆ ಪ್ರಯಾಣ ಮಾಡುವ ಹಾಗಿಲ್ಲ. ಮಾಡಿದರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ.

ತಿರುಗಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಫ್ಲಾರೆನ್ಸ್ ನೋಡಿದ್ದಕ್ಕೆ ನನಗೆ ಇವತ್ತಿಗೂ ಸಂತೋಷವೇ ಇದೆ. ಆದರೆ ರೋಮ್‌ನ ತೆರ್ಮಿನಿ ರೈಲು ನಿಲ್ದಾಣ, ಮಿಲಾನ್‌ನ ದೊಡ್ಡ ನಿಲ್ದಾಣ, ಬಾರ್ಸಿಲೋನಾದ ಮೆಟ್ರೋ, ಪ್ಯಾರಿಸ್‌ನ ಸಾಕ್ರೆ ಕರ್ ಚರ್ಚಿನ ಮೆಟ್ಟಿಲುಗಳಲ್ಲಿ ನಿಮ್ಮ ಗಮನ ಸೆಳೆಯುವುದೇ ಕಸುಬು ಮಾಡಿಕೊಂಡವರು ಇದ್ದಾರೆ. ಟಿಕೆಟ್ ಯಂತ್ರದ ಹತ್ತಿರ ಸಹಾಯಕ್ಕೆ ಬರುತ್ತಾರೆ, ಕೈಗೆ ದಾರ ಕಟ್ಟುತ್ತಾರೆ, ಸಹಿ ಹಾಕಿ ಅಂತ ಕಾಗದ ಒಡ್ಡುತ್ತಾರೆ. ಯಾರಾದರೂ ಒಂದು ಕಡೆ ತೋರಿಸಿದರೆ ಮೊದಲು ನಿಮ್ಮ ಬ್ಯಾಗಿನ ಮೇಲೆ ಕೈ ಇಡಿ, ಆಮೇಲೆ ಆ ಕಡೆ ನೋಡಿ. ಪಾಸ್‌ಪೋರ್ಟ್ ಬ್ಯಾಗಿನಲ್ಲಿ ಬೇಡವೇ ಬೇಡ, ಅಂಗಿಯೊಳಗೆ ಸೊಂಟಕ್ಕೆ ಕಟ್ಟುವ ತೆಳ್ಳನೆಯ ಚೀಲದಲ್ಲಿರಲಿ. ನಮ್ಮಜ್ಜಿ ಧರ್ಮಸ್ಥಳಕ್ಕೆ ಹೋಗುವಾಗ ದುಡ್ಡನ್ನು ಸೊಂಟದ ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದರು, ನಿದ್ದೆಯಲ್ಲೂ ಅದರ ಮೇಲೆ ಕೈ ಇರುತ್ತಿತ್ತು.

ನಮ್ಮ ಕಾಲೇಜಿನ ಇಬ್ಬರು ಜೂನಿಯರ್‌ಗಳು ಈ ತಿಂಗಳ ಕೊನೆಗೆ ಹೊರಡುತ್ತಿದ್ದಾರೆ. ಮೊನ್ನೆ ಅವರ ವೀಸಾ ಬಂತು ಅಂತ ಸಿಹಿ ಹಂಚಲು ಬಂದಿದ್ದರು. ಅಲ್ಲೇ ಕೂರಿಸಿ ಸ್ಟಿಕ್ಕರ್ ಇರುವ ಪುಟದ ಫೋಟೊ ತೆಗೆಸಿ, ಇಬ್ಬರ ತಾಯಂದಿರಿಗೂ ಕಳಿಸಿಸಿ, ಅವರು ನೋಡಿದ್ದಾರೆ ಅನ್ನುವ ನೀಲಿ ಗುರುತು ಬಂದ ಮೇಲೆಯೇ ಪೇಡ ತಿಂದೆ.