ಕಡಲ ತೀರದ ಊರಿನ ವಾರದ ಸಂತೆ: ಬೆಳಗ್ಗೆ ಬೇಗ ಹೋಗೋದಾ, ಮುಗಿಯೋ ಹೊತ್ತಿಗಾ?

ಕಡಲ ತೀರದ ಸಣ್ಣ ಊರಲ್ಲಿ ವಾರಕ್ಕೊಮ್ಮೆ ಬೀದಿ ಸಂತೆ ಸೇರುತ್ತದೆ ಅಂತ ಗೊತ್ತಾದರೆ ನಾನು ಬಿಡುವವಳಲ್ಲ. ಅಂಗಡಿ ಹರಡುವ ಹೊತ್ತಿಗೂ ಹೋಗಿದ್ದೇನೆ, ಗಂಟು ಕಟ್ಟುವ ಹೊತ್ತಿಗೂ ಹೋಗಿದ್ದೇನೆ. ಜಾಗ ಒಂದೇ ಆದರೂ ಎರಡು ಬೇರೆ ಬೇರೆ ಸಂತೆಗೆ ಹೋದ ಹಾಗಿರುತ್ತದೆ.

ಕೊನೆ ಹೊತ್ತಿಗೆ ಹೋದರೆ ಎಲ್ಲ ಅಗ್ಗಕ್ಕೆ ಸಿಗುತ್ತದೆ ಅಂತಾರಲ್ಲ, ಅದು ಅರ್ಧ ಮಾತ್ರ ನಿಜ. ಬೆಲೆ ಇಳಿಯುವುದು ಕೆಡುವ ಮಾಲಿಗೆ. ಹಣ್ಣು, ಸೊಪ್ಪು, ಹೂವನ್ನು ವಾಪಸ್ ಹೊತ್ತುಕೊಂಡು ಹೋಗುವ ಬದಲು ಬಂದಷ್ಟಕ್ಕೆ ಕೊಟ್ಟುಬಿಡುತ್ತಾರೆ. ಬಟ್ಟೆ, ಬುಟ್ಟಿ, ಮಣಿಸರದ ವಿಷಯ ಹಾಗಲ್ಲ. ಎಷ್ಟೋ ವ್ಯಾಪಾರಿಗಳು ವಾರವಿಡೀ ಊರಿಂದ ಊರಿಗೆ ಸಂತೆ ಮಾಡಿಕೊಂಡು ತಿರುಗುವವರು. ಇಲ್ಲಿ ಹೋಗದಿದ್ದರೆ ನಾಳೆ ಇನ್ನೊಂದು ಊರಲ್ಲಿ ಹೋಗುತ್ತದೆ. ಅವರು ಯಾಕೆ ಬೆಲೆ ಇಳಿಸಬೇಕು, ಅಲ್ವಾ? ಅದೂ ಅಲ್ಲದೆ ಕೈಯಲ್ಲಿ ಮಾಡಿದ ಒಳ್ಳೆಯ ವಸ್ತು ಅಷ್ಟರಲ್ಲಿ ಖಾಲಿಯಾಗಿರುತ್ತದೆ.

ಮೀನಿನ ವಿಷಯದಲ್ಲಂತೂ ನಾನು ಬೆಳಗಿನ ಪಕ್ಷ. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರುತ್ತದೆ, ಕಿವಿರು ಎತ್ತಿ ನೋಡಿದರೆ ಒಳಗೆ ಕೆಂಪಗಿರುತ್ತದೆ. ಬೆರಳಲ್ಲಿ ಒತ್ತಿದ ಕಡೆ ತಗ್ಗು ಉಳಿಯುವುದಿಲ್ಲ. ಸಂತೆ ಮುಗಿಯುವ ಹೊತ್ತಿಗೆ ಐಸ್ ಕರಗಿ, ಕಣ್ಣು ಮಂಕಾಗಿ ಒಳಗೆ ಇಳಿದಿರುತ್ತದೆ. ಎಷ್ಟೇ ಕಡಿಮೆಗೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ನಡು ಮಧ್ಯಾಹ್ನ ಮಾತ್ರ ಬೇಡವೇ ಬೇಡ. ಬಿಸಿಲು, ನೂಕುನುಗ್ಗಲು, ಇಷ್ಟೇ.

ಆಮೇಲೆ ಗಾಳಿ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಕಡಲಿಂದ ಗಾಳಿ ಬೀಸಲು ಶುರುವಾಗುತ್ತದೆ. ಮಧ್ಯಾಹ್ನದ ಮೇಲೆ ಜೋರು ಜಾಸ್ತಿ. ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಬಟ್ಟೆಯವರು ಮೂಲೆ ಮೂಲೆಗೆ ಕಲ್ಲು ಹೇರಿ, ತೆಳ್ಳಗಿನ ಶಾಲುಗಳನ್ನೆಲ್ಲ ಒಳಗಿಟ್ಟುಬಿಡುತ್ತಾರೆ. ಮಡಿಕೆ ಬಿಚ್ಚಿ ತೋರಿಸಿ ಅಂದರೆ ಮರಳು ಕೂರುತ್ತದೆ ಅಂತ ಹಿಂದೆಮುಂದೆ ನೋಡುತ್ತಾರೆ. ಬೆಳಗ್ಗೆಯಾದರೆ ಅದೇ ಶಾಲನ್ನು ಪೂರ್ತಿ ಹರಡಿ, ಬೆಳಕಿಗೆ ಹಿಡಿದು, ಎಳೆ ಎಲ್ಲಿ ತಪ್ಪಿದೆ ಅಂತ ನಾವೇ ನೋಡಬಹುದು.

ಶಂಖ, ಚಿಪ್ಪು, ಹವಳದ ಅಂಗಡಿಗೂ ಬೆಳಗ್ಗೆ, ಜನ ಕಡಿಮೆ ಇರುವಾಗಲೇ ಹೋಗುವುದು ಸರಿ. ಇಲ್ಲಿ ಸುಮ್ನೆ ಚೆಂದ ನೋಡಿ ಕೊಳ್ಳಬೇಡಿ. ಹಲವು ಬಗೆಯ ಹವಳಕ್ಕೂ ಕೆರಿಬಿಯನ್ ಕಡಲಿನ ಕ್ವೀನ್ ಕಾಂಚ್‌ನಂಥ ಶಂಖಕ್ಕೂ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಪ್ರಾಣಿ, ಗಿಡಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಕಟ್ಟುಪಾಡಿದೆ. ಆ ಒಪ್ಪಂದ ಜಾರಿಗೆ ಬಂದದ್ದು 1975ರಲ್ಲಿ, ಕ್ವೀನ್ ಕಾಂಚ್ ಅದರ ಪಟ್ಟಿಗೆ ಸೇರಿದ್ದು 1992ರಲ್ಲಿ. ಪರವಾನಗಿ ಬೇಕಾದ್ದನ್ನು ಹಾಗೇ ದೇಶ ದಾಟಿಸಲು ಹೋದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳಬಹುದು. ಇದು ಯಾವುದು, ಎಲ್ಲಿಂದ ತಂದದ್ದು ಅಂತ ಕೇಳಿ. ಬಾಯಿ ಬಿಡದಿದ್ದರೆ ಅಲ್ಲೇ ಇಟ್ಟು ಬನ್ನಿ. ಕಡಲಿನದು ಕಡಲಲ್ಲೇ ಇರಲಿ ಅಂತ ನಾನು ಈಗ ಚಿಪ್ಪು ಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಸಂಜೆ ಸಂತೆಯಲ್ಲಿ ನನಗೆ ತುಂಬಾ ಹಿಡಿಸುವುದು ಮಾತು. ವ್ಯಾಪಾರದ ಒತ್ತಡ ಇಳಿದಿರುತ್ತದೆ, ಬುಟ್ಟಿ ಹೆಣೆಯುವವರು ಪಕ್ಕದಲ್ಲಿ ಕೂರಿಸಿಕೊಂಡು ಅಂಚು ಹೇಗೆ ಮಡಚಬೇಕು ಅಂತ ತೋರಿಸುತ್ತಾರೆ. ಬೆಳಗ್ಗೆ ಅಂಗಡಿ ಹಚ್ಚುವ ಗಡಿಬಿಡಿಯಲ್ಲಿ ಅವರಿಗೆ ಅಷ್ಟು ಪುರುಸೊತ್ತು ಎಲ್ಲಿ?

ಒಂದೇ ಸಲ ಹೋಗಲು ಆಗುವುದಾದರೆ ಬೆಳಗ್ಗೆಯೇ ಹೋಗಿ, ಚಿಲ್ಲರೆ ಹಿಡಿದುಕೊಂಡು. ಊರಲ್ಲೇ ಉಳಿದಿದ್ದರೆ ಸಂಜೆ ಖಾಲಿ ಚೀಲ ಹಿಡಿದು ಹಣ್ಣಿಗೆ ಅಂತ ಇನ್ನೊಂದು ಸುತ್ತು ಹಾಕಿ.