ಡಿಜಿಟಲ್ ಮಾಡೆಲ್‌ಗೆ ಸೀರೆ ಉಡಿಸಲು: ಬ್ಲೆಂಡರೋ, ಮಾರ್ವೆಲಸ್ ಡಿಸೈನರೋ?

ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆಯನ್ನು ಕಂಪ್ಯೂಟರಿನ 3ಡಿ ಮಾಡೆಲ್‌ಗೆ ಉಡಿಸಲು 3ಡಿ ತಂತ್ರಾಂಶ ಬ್ಲೆಂಡರ್, ಡಿಜಿಟಲ್ ಬಟ್ಟೆ ಹೊಲಿಯುವ ತಂತ್ರಾಂಶ ಮಾರ್ವೆಲಸ್ ಡಿಸೈನರ್, ಇವೆರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಖರ್ಚಿನ ಮಾತು ಸುಲಭ: ಬ್ಲೆಂಡರ್ ಪೂರ್ತಿ ಉಚಿತ, ಮಾರ್ವೆಲಸ್‌ಗೆ ಚಂದಾ ಕಟ್ಟಬೇಕು.

ನಿಜವಾದ ಪರೀಕ್ಷೆ ನೆರಿಗೆಯದು. ಮಾರ್ವೆಲಸ್‌ನಲ್ಲಿ ಐದೂವರೆ ಮೀಟರಿನ ಆಯತ ಬರೆದು, ಮಡಿಕೆಯ ಗೆರೆಗಳಿಗೆ ಕೋನ ಕೊಟ್ಟು, ಸಿಮ್ಯುಲೇಶನ್ (ಬಟ್ಟೆ ಹೇಗೆ ಬೀಳುತ್ತದೆಂಬ ಲೆಕ್ಕಾಚಾರ) ಓಡುತ್ತಿರುವಾಗಲೇ ಮೌಸ್‌ನಿಂದ ಬಟ್ಟೆ ಎಳೆದು ಸರಿಪಡಿಸಬಹುದು. ಪಾರ್ಟಿಕಲ್ ಡಿಸ್ಟೆನ್ಸ್ (ಬಟ್ಟೆಯ ಜಾಲದ ಬಿಂದುಗಳ ನಡುವಿನ ಅಂತರ) ಮೊದಲು 20 ಮಿ.ಮೀ. ಇರಲಿ, ಕೊನೆಗೆ 5ಕ್ಕೆ ಇಳಿಸಿ. ಮೊದಲೇ ಇಳಿಸಿದರೆ ಕಂಪ್ಯೂಟರ್ ತೆವಳುತ್ತದೆ.

ಬ್ಲೆಂಡರ್‌ನಲ್ಲಿ ಸೊಂಟದ ನೆರಿಗೆಯನ್ನು ಕೈಯಾರೆ ರೂಪಿಸಿ ಪಿನ್ ಗ್ರೂಪ್‌ಗೆ (ಅಲುಗದಂತೆ ಹಿಡಿದಿಡುವ ಬಿಂದುಗಳ ಗುಂಪು) ಹಾಕಿ, ಸೆರಗನ್ನಷ್ಟೇ ಸಿಮ್ಯುಲೇಟ್ ಮಾಡುವುದು ಜಾಣತನ. ಸೆಲ್ಫ್ ಕೊಲಿಶನ್ (ಬಟ್ಟೆ ತನಗೆ ತಾನೇ ತಾಗುವುದನ್ನು ಲೆಕ್ಕಿಸುವ ಆಯ್ಕೆ) ತಾನಾಗಿ ಆನ್ ಇರುವುದಿಲ್ಲ. ಮರೆತರೆ ಒಂದು ನೆರಿಗೆ ಇನ್ನೊಂದರೊಳಗೆ ನುಗ್ಗುತ್ತದೆ. ಬಟ್ಟೆಗೂ ದೇಹಕ್ಕೂ ನಡುವಿನ ಡಿಸ್ಟೆನ್ಸ್ ಮೊದಲಿಗೆ 0.015 ಮೀಟರ್, ಅಂದರೆ 15 ಮಿ.ಮೀ. ಇರುತ್ತದೆ. ಹಾಗೇ ಬಿಟ್ಟರೆ ಸೀರೆ ಮೈಗೆ ಕೂರದೆ ತೇಲುತ್ತದೆ. ಅದನ್ನು 0.003ಕ್ಕೆ ಇಳಿಸಿ, ಕ್ವಾಲಿಟಿ ಸ್ಟೆಪ್ಸ್ (ಪ್ರತಿ ಫ್ರೇಮಿನ ಲೆಕ್ಕದ ಹಂತಗಳು) 5ರಿಂದ 12ಕ್ಕೆ ಏರಿಸಿ. ದೇಹದ ಕೊಲಿಶನ್‌ನಲ್ಲಿರುವ ಔಟರ್ ಥಿಕ್‌ನೆಸ್ಸನ್ನೂ (ಮೈಯ ಹೊರಗೆ ಬಟ್ಟೆಯನ್ನು ತಡೆಯುವ ಪದರದ ದಪ್ಪ) ತಗ್ಗಿಸಿ.

ಕ್ಯಾಟಲಾಗ್‌ಗಾಗಿ ಹತ್ತಾರು ಸೀರೆಗಳ ಸ್ಥಿರಚಿತ್ರ ಬೇಕಿದ್ದರೆ ಮಾರ್ವೆಲಸ್ ಚಂದಾ ವಸೂಲಾಗುತ್ತದೆ. ಯಕ್ಷಗಾನದ ಧೀಂಗಿಣದಂಥ ವೇಗದ ಚಲನೆಯನ್ನು ಬೆಳಕು, ಕ್ಯಾಮೆರಾ ಸಮೇತ ಒಂದೇ ಕಡೆ ಮುಗಿಸಬೇಕೆಂದರೆ ಬ್ಲೆಂಡರ್ ಅನುಕೂಲ. ಮಾರ್ವೆಲಸ್‌ನಲ್ಲಾದರೆ ಬಟ್ಟೆಯನ್ನು ಅಲೆಂಬಿಕ್ ಫೈಲಾಗಿ (ಚಲಿಸುವ 3ಡಿ ಆಕಾರವನ್ನು ಉಳಿಸುವ ಫೈಲ್) ಹೊರತಂದು ಬೇರೆ ತಂತ್ರಾಂಶಕ್ಕೆ ಒಯ್ಯಬೇಕಾಗುತ್ತದೆ. ಎರಡರಲ್ಲೂ ಮಾಡೆಲ್ ಕೈ ಚಾಚಿ ನಿಂತ ಭಂಗಿಯಿಂದ ಶುರುಮಾಡಿ, 30–40 ಫ್ರೇಮ್‌ಗಳಲ್ಲಿ ನಿಧಾನವಾಗಿ ಬೇಕಾದ ಭಂಗಿಗೆ ತನ್ನಿ.